ಹನ್ನೊಂದೂ ಇಪ್ಪತ್ತರ ಊಟ

ಮುಂಬೈಯಲ್ಲಿ ಭಾಂಡುಪಿನಿಂದ ಫೋರ್ಟಿಗೆ ದಿನವೂ ಲೋಕಲ್ ರೈಲಿನಲ್ಲಿ ನಿಂತೇ ಬರುವ ಶೈಲಾಳಿಗೆ ಆ ಬುಧವಾರ ಕೂರಲು ಜಾಗ ಸಿಕ್ಕಿತ್ತು. ಆದರೂ ಅವಳ ಹುಬ್ಬಿನ ಗಂಟು ಸಡಿಲಲಿಲ್ಲ. ಮೂರು ತಿಂಗಳು ಕೂತು ಬರೆದ ಪ್ರೋಗ್ರಾಮು ಇವತ್ತು ಹನ್ನೆರಡರೊಳಗೆ ಸರಿಹೋಗದಿದ್ದರೆ ಅದನ್ನು ಕಿತ್ತುಹಾಕಿ, ಮತ್ತೆ ಕಾಗದದ ಚೀಟಿಗೇ ಮರಳುವುದಾಗಿ ಚೆನ್ನಯ ಹೇಳಿಬಿಟ್ಟಿದ್ದ.

ಚೆನ್ನಯ ಕಾರ್ಕಳದ ಕಡೆಯವನು. ಅವಳ ಕಚೇರಿಯಿಂದ ಎರಡು ಗಲ್ಲಿಯಾಚೆ ಅವನ ಹೋಟೆಲು. ಗಿರಾಕಿ ಕೇಳಿದ್ದನ್ನು ವೇಟರ್ ಫೋನಿನಲ್ಲಿ ಒತ್ತಿದರೆ ಅಡಿಗೆಮನೆಯ ಪರದೆಯಲ್ಲಿ ಅದು ಮೂಡಬೇಕು. ಶೈಲಾ ಮಾಡಿಕೊಟ್ಟದ್ದು ಇಷ್ಟೇ. ಬೆಳಿಗ್ಗೆ ಇಡ್ಲಿ, ವಡೆ. ಹನ್ನೊಂದೂವರೆಗೆ ಅವು ಹೋಗಿ ಊಟ ಬರಬೇಕು. ಸೋಮವಾರ ಕೂಡಿಸಿದ ಪರದೆ ಹೊತ್ತು ಮೀರಿದರೂ ಇಡ್ಲಿಯನ್ನು ಬಿಡಲಿಲ್ಲ.

ತಪ್ಪು ಎಲ್ಲಿದೆಯೆಂದು ಎಲ್ಲರಿಗೂ ಕೂಡಲೇ ಹೊಳೆಯಿತು. ಆ ಅಡಿಗೆಮನೆಯ ಗಡಿಯಾರ ಹತ್ತು ನಿಮಿಷ ಮುಂದೆ. ಅಡಿಗೆಯವರು ಹಿಂದೆ ಬೀಳಬಾರದೆಂದು ಚೆನ್ನಯನ ತಂದೆ ಹಾಗೆ ತಿರುಗಿಸಿ ಇಟ್ಟದ್ದು. ಇಡೀ ಹೋಟೆಲು ನಡೆಯುವುದು ಅದರ ಮೇಲೆಯೇ.

"ಊಟ ಸುರುವಾಗ್ಬೇಕಾದ್ದು ನಮ್ಮ ಗಂಟೆಗೆ ಮಾರಾಯ್ತಿ, ಸ್ಟೇಷನ್ ಗಂಟೆಗಲ್ಲ," ಎಂದ ಚೆನ್ನಯ.

ಶೈಲಾ ಮಂಗಳವಾರ ಊಟ ಮೂಡುವ ಹೊತ್ತನ್ನು ಹನ್ನೊಂದೂ ಇಪ್ಪತ್ತಕ್ಕೆ ತಂದಳು. ಆಗಲೂ ಇಡ್ಲಿಯೇ. ಹತ್ತು ನಿಮಿಷ ಸಾಕೋ, ಹದಿನೈದು ಬೇಕೋ ಎಂಬ ಚರ್ಚೆ ನಡುಮಧ್ಯಾಹ್ನದವರೆಗೆ ನಡೆಯಿತು. ಒಲೆಯ ಮುಂದಿದ್ದ ದೂಜ ಸೌಟು ಕೆಳಗಿಟ್ಟ.

"ಊಟ ಬರ್ಲೇ ಇಲ್ಲ ಅಂತಲ್ಲ. ನಿನ್ನೆ ಸಂಜೆ ಐದಕ್ಕೆ ಬಂತು. ಚಾ ಕುಡಿಯುವವರಿಗೆ ನಾನು ಸಾರು ಬಡಿಸುವುದಾ?"

ಎಲ್ಲರೂ ನಕ್ಕರು. ಶೈಲಾಳೂ ನಕ್ಕಳು. ಹತ್ತು ನಿಮಿಷದ ಗುಂಗಿನಲ್ಲಿದ್ದ ಅವಳ ಕಿವಿಗೆ ಆ ಮಾತು ಇಳಿಯಲಿಲ್ಲ.

ಬುಧವಾರ ಕಚೇರಿಗೆ ಅವಳ ಜೊತೆ ಕೆಲಸ ಮಾಡುವ ಸಂದೀಪ ಮೊದಲೇ ಬಂದಿದ್ದ. ಅವಳಿಗಿಂತ ನಾಲ್ಕು ವರ್ಷ ಹಿರಿಯ. ಹುಟ್ಟಿ ಬೆಳೆದದ್ದೆಲ್ಲ ಮುಂಬೈಯ ಸಯನ್ನಿನಲ್ಲಿ. ಹಿಂದಿನ ದಿನ ಚೆನ್ನಯನಿಗೆ ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ.

"ನನ್ನ ಲ್ಯಾಪ್‌ಟಾಪ್ ಮೇಲೆ ಏಕದಂ ಬರೋಬರ್ ಚಾಲೂ ಇದೆ, ಶೈಲಾ. ಆ ಹೋಟೆಲ್ ಅಣ್ಣನ ಗಡಿಯಾರನೇ ಗಡಬಡ."

"ನನ್ನದರಾಗೂ ಛಲೋನ ಐತಿ. ಹೋಟೆಲಿನ್ಯಾಗ ನಿನ್ನ ಲ್ಯಾಪ್‌ಟಾಪ್ ಇಡೋದೇನು?"

ಹೋಟೆಲಿನ ಯಂತ್ರದಲ್ಲಿ ಪ್ರೋಗ್ರಾಮು ಓಡುವುದು ಕಂಟೇನರಿನೊಳಗೆ. ತಾಯಿ ಭಾಗವ್ವ ಹಿಂದೆ ಅದೇನೆಂದು ಕೇಳಿದಾಗ, ಗಾರೆ ಕೆಲಸಕ್ಕೆ ಹೋಗುವಾಗ ನೀನು ಕಟ್ಟಿಕೊಳ್ಳುವ ಬುತ್ತಿಯ ಹಾಗೆ ಎಂದಿದ್ದಳು ಶೈಲಾ: ರೊಟ್ಟಿ, ಚಟ್ನಿ, ಉಪ್ಪು ಎಲ್ಲ ಒಂದೇ ಗಂಟಿನಲ್ಲಿ, ಎಲ್ಲಿ ಬಿಚ್ಚಿದರೂ ಯಾರ ಬಳಿಯೂ ಏನೂ ಕೇಳಬೇಕಾಗಿಲ್ಲ. ಆದರೆ ಇಷ್ಟು ದಿನ ಅವಳು ಪರೀಕ್ಷೆ ಮಾಡುತ್ತಿದ್ದದ್ದು ಗಂಟಿನ ಹೊರಗೆ, ತನ್ನ ಲ್ಯಾಪ್‌ಟಾಪಿನಲ್ಲಿ. ಇವತ್ತು ಕೋಡ್ ಬರೆಯುವ ಜಾಗದಿಂದಲೇ ಕಂಟೇನರನ್ನು ಕಟ್ಟಿ, ಅದರೊಳಗೇ ಪರೀಕ್ಷೆ ಓಡಿಸುವ ಏರ್ಪಾಡು ಮಾಡಿದಳು. ಒಂದು ಸಲ ಕಟ್ಟಲು ಒಂಬತ್ತು ನಿಮಿಷ. ಎರಡನೆಯ ಸಲ ಅರ್ಧದಲ್ಲಿ ನೆಟ್ ಹೋಯಿತು. ಮೂರನೆಯ ಸಲ ಅವಳೇ ಒಂದು ಅಲ್ಪವಿರಾಮ ಬಿಟ್ಟಿದ್ದಳು. ಕೊನೆಗೆ ಹನ್ನೊಂದೂ ನಲವತ್ತಕ್ಕೆ ಪರೀಕ್ಷೆಗಳು ಓಡಿದವು. ಮೂವತ್ತೆಂಟು ಪಾಸು. ಊಟದ್ದೊಂದು ಫೇಲು.

ಫೋನು ಬಂತು.

"ಎಂತ ಮಾಡ್ತಾ ಇದ್ದಿ ಮಾರಾಯ್ತಿ? ಇಲ್ಲಿ ಇನ್ನೂ ಇಡ್ಲಿಯೇ ಉಂಟು. ಬ್ಯಾಂಕಿನವರು ಈಗ ಊಟಕ್ಕೆ ಬರ್ತಾರೆ. ಚೀಟಿ ಪುಸ್ತಕ ತೆಗೀಲಾ?"

"ಹನ್ನೆರಡು ಗಂಟೆ ತನಕ ಅಂದೀರಲ್ಲ ಅಣ್ಣಾ."

"ನನ್ನ ಗಂಟೆಗೆ ಹನ್ನೆರಡು ಆಗ್ಲಿಕ್ಕೆ ಬಂತು."

ಶೈಲಾಳಿಗೆ ಸಾಕುಸಾಕಾಯಿತು. ಇವನೊಂದು ಗಂಟೆ, ಸ್ಟೇಷನ್ನಿನದೊಂದು ಗಂಟೆ; ಹಾಗಾದರೆ ಈ ಗಂಟಿನೊಳಗಿನದು ಯಾವ ಗಂಟೆ? ಸಿಟ್ಟಿನಲ್ಲಿಯೇ ಕಂಟೇನರಿನೊಳಗೆ ಹೋಗಿ ಹೊತ್ತೆಷ್ಟೆಂದು ಕೇಳಿದಳು. ಆರು ಹನ್ನೆರಡು, ಬೆಳಿಗ್ಗೆ, ಎಂದಿತು ಅದು.

ಯಾರೂ ಬೇರೆ ಹೇಳದಿದ್ದರೆ ಕಂಟೇನರು ಹಿಡಿಯುವುದು ಗ್ರೀನಿಚ್ಚಿನ ಗಂಟೆಯನ್ನು. ಮುಂಬೈಗಿಂತ ಐದೂವರೆ ತಾಸು ಹಿಂದೆ. ಬೆಳಿಗ್ಗೆ ಆರಕ್ಕೆ ಇಡ್ಲಿಯಲ್ಲದೆ ಇನ್ನೇನು ತೋರಿಸೀತು? ದೂಜ ಸೋಮವಾರ ಸಂಜೆ ಕಂಡದ್ದು ಅದರ ಹನ್ನೊಂದೂವರೆಯ ಊಟ.

"ಸಂದೀಪ, ಎರಡು ದಿನ ನಾವು ಹತ್ತು ನಿಮಿಷ ಹಿಡಕೊಂಡು ಬಡಿದಾಡೀವಿ."

ಸಂದೀಪ ಬಗ್ಗಿ ನೋಡಿ ಕನ್ನಡಕ ತೆಗೆದ.

ಕಂಟೇನರಿಗೆ ಮುಂಬೈಯ ಗಂಟೆ ಹೇಳಿಕೊಡುವ ಒಂದೇ ಸಾಲು ಸೇರಿಸುವುದಿತ್ತು. ಮತ್ತೆ ಒಂಬತ್ತು ನಿಮಿಷ. ಪರೀಕ್ಷೆಗಳೆಲ್ಲ ಪಾಸಾಗಿ ಹಸಿರು ಬಣ್ಣ ಮೂಡಿದ್ದೇ ತಡ, ಹೊಸ ಕಂಟೇನರನ್ನು ಹೋಟೆಲಿಗೆ ಕಳಿಸಿ, ಹಿಂದೆಯೇ ತಾನೂ ಓಡಿದಳು.

ಚೆನ್ನಯ ಚೀಟಿ ಪುಸ್ತಕವನ್ನು ವೇಟರುಗಳಿಗೆ ಹಂಚಿ ಮುಗಿಸಿದ್ದ. ಅಡಿಗೆಮನೆಯ ಪರದೆ ಒಂದು ಸಲ ಕಪ್ಪಾಗಿ ಬೆಳಗಿತು. ದೂಜ ಕಣ್ಣು ಕಿರಿದು ಮಾಡಿ ಓದಿದ.

"ನಾಲ್ಕು ಊಟ. ಆರನೇ ಟೇಬಲ್."

ಚೆನ್ನಯ ಒಳಗೆ ಬಂದು ಪರದೆ ನೋಡಿದ. ಇನ್ನೂ ಮೂರು ಊಟ ಮೂಡುವ ತನಕ ನಿಂತು ನೋಡಿದ. ಆಮೇಲೆ ಹೊರಗೆ ಹೋಗಿ ಚೀಟಿ ಪುಸ್ತಕಗಳನ್ನು ಒಂದೊಂದಾಗಿ ವಾಪಸು ತೆಗೆದುಕೊಂಡ.

"ಇರ್ಲಿ ಇದು," ಎಂದ. "ಆದ್ರೆ ಒಂದು ವಾರ ಊಟದ ಹೊತ್ತಿಗೆ ನೀನು ಇಲ್ಲೇ ನಿಲ್ಬೇಕು. ಆ ಸಂದೀಪ ಬೇಡ, ಅವನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯೇ ಇರ್ತದೆ."

ಶೈಲಾ ಸೆಖೆಯಲ್ಲಿ ಗೋಡೆಗೊರಗಿ ನಿಂತು, ಆಗಲಿ ಎಂದು ತಲೆಯಾಡಿಸಿದಳು.