ಬಾವುಟ ಎತ್ತಿದ ಗೂಬೆ

ನನ್ನನ್ನು ನೋಡೋಕೆ ಬಂದ ಮೂರು ಗಂಡುಗಳೂ ಕಾಫಿ ಕುಡಿದು, ಊರಿಗೆ ಹೋಗಿ ಫೋನ್ ಮಾಡ್ತೀವಿ ಅಂದು ಹೋದವರು ಮತ್ತೆ ಉಸಿರೇ ಎತ್ತಲಿಲ್ಲ. ಎಲ್ಲಕ್ಕೂ ನನ್ನ ಬಾಯೇ ಕಾರಣ ಅಂತ ಅಮ್ಮನ ತೀರ್ಮಾನ. ಅಂಥಾದ್ದೇನೂ ಮಾತಾಡಿರಲಿಲ್ಲ ನಾನು. ಒಬ್ಬ ಅಡುಗೆ ಬರುತ್ತಾ ಅಂತ ಕೇಳಿದ, ನಿಮಗೆ ಬರುತ್ತಾ ಅಂತ ನಾನೂ ಕೇಳಿದೆ, ಅಷ್ಟೇ. ನಾಲ್ಕನೇ ಸಂಬಂಧ ಗುಬ್ಬಿಯ ನಮ್ಮ ಮನೆಗೆ ಬರಬೇಕಿದ್ದ ಭಾನುವಾರ ಅಮ್ಮ ಬೆಳಗ್ಗೆಯೇ ಕೈ ಮುಗಿದಳು. "ತಾಯೀ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಳೇ."

ಹುಡುಗ ಹುಲಿಯೂರುದುರ್ಗದವನು, ಕೆಲಸ ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ. ಜೊತೆಗೆ ಅವನ ತಾಯಿ, ಸೋದರಮಾವ. ನಾನು ಕೋಡುಬಳೆ ತಟ್ಟೆ ಹಿಡಿದು ನಡುಮನೆಗೆ ಬಂದರೆ ಪುಣ್ಯಾತ್ಮ ನನ್ನ ಕಡೆ ನೋಡ್ತಾನೇ ಇಲ್ಲ. ಎವೆಯಿಕ್ಕದೆ ನಮ್ಮಪ್ಪನ ಮುಖ ನೋಡ್ತಿದಾನೆ.

"ಸಾರ್, ಕುಣಿಗಲ್ ಫೈನಲ್‌ಗೆ ರೆಫ್ರೀ ಆಗಿದ್ದೋರು ನೀವೇ ಅಲ್ವಾ?"

ಅಪ್ಪ ರಿಟೈರಾದ ಪಿ.ಟಿ. ಮೇಷ್ಟ್ರು. ಸುತ್ತಮುತ್ತ ಎಲ್ಲಿ ಫುಟ್‌ಬಾಲ್ ಪಂದ್ಯ ನಡೆದರೂ ಸೀಟಿ ಅವರದೇ. "ಹೌದಪ್ಪಾ," ಅಂತ ಮೀಸೆ ಸವರಿಕೊಂಡರು. ಹೊಗಳಿಕೆ ಬರುತ್ತೆ ಅಂದ್ಕೊಂಡಿದ್ದರು, ಪಾಪ.

"ನನ್ನ ಗೋಲ್ ಆಫ್‌ಸೈಡ್ ಅಂತ ಕ್ಯಾನ್ಸಲ್ ಮಾಡಿಬಿಟ್ರಲ್ಲ ಸಾರ್! ಗೋಲ್ ಗೆರೆ ಮೇಲೆ ಅವರ ಡಿಫೆಂಡರ್ ನಿಂತಿದ್ದ. ನಾನು ಅವನಿಗಿಂತ ಈಚೆಗೇ ಇದ್ದೆ. ಅದ್ಹೆಂಗೆ ಸಾರ್ ಆಫ್‌ಸೈಡ್ ಆಗುತ್ತೆ?"

ಆ ಫೈನಲ್ ದಿನ ಸೈಡ್ ಲೈನಿನಲ್ಲಿ ಬಾವುಟ ಹಿಡಿಯಬೇಕಾದವನು ಜ್ವರ ಅಂತ ಬರಲಿಲ್ಲ. ಅಪ್ಪನ ಜೊತೆ ಪಂದ್ಯ ನೋಡೋಕೆ ಹೋಗಿದ್ದ ನನ್ನ ತಲೆಗೆ ಅವರೇ ಟೋಪಿ ಹಾಕಿ, ಕೈಗೆ ಬಾವುಟ ಕೊಟ್ಟಿದ್ದರು. ಕೂದಲು ಟೋಪಿಯೊಳಗೆ, ಮೈಮೇಲೆ ಅಪ್ಪನ ದೊಗಳೆ ಟೀ ಶರ್ಟು. ಆ ಗೋಲಿಗೆ ಬಾವುಟ ಎತ್ತಿದವಳು ನಾನು. ಇಡೀ ಮೈದಾನ "ಏನ್ಲಾ, ಕಣ್ಣು ಕಾಣಕಿಲ್ವಾ!" ಅಂತ ನನ್ನ ಮೇಲೆ ಎಗರಿ ಬಿತ್ತು. ಅಪ್ಪ ಮಾತ್ರ ನನ್ನ ಕಡೆ ಒಂದ್ಸಲ ನೋಡಿ ಸೀಟಿ ಊದಿದ್ದರು. ಆಮೇಲೆ ಪೊಲೀಸರೇ ನಮ್ಮಿಬ್ಬರನ್ನು ಗುಬ್ಬಿ ಬಸ್ ಹತ್ತಿಸಿದ್ದು.

ಹುಡುಗ ಆಗಲೇ ಕುರ್ಚಿ ಬಿಟ್ಟು ಎದ್ದಿದ್ದ. ಹೊಸ ಪ್ಯಾಂಟು ಹರಿಯೋ ಹಾಗೆ ಕಾಲು ಬೀಸಿ, ಚೆಂಡು ಹೇಗೆ ಬಂತು, ಹೇಗೆ ಒದ್ದೆ ಅಂತ ತೋರಿಸ್ತಿದ್ದ. ಸುಳ್ಳೇಕೆ ಹೇಳಲಿ, ನನಗೆ ಹಿಡಿಸಿಬಿಟ್ಟ. ಹಿಂದಿನವರೆಲ್ಲ ಸೈಟು, ಕಾರು ಅಂತ ಮಾತಾಡಿ ಹೋಗಿದ್ದರು. ಇವನು ಸಿಗದೇ ಹೋದ ಗೋಲಿಗೆ ಈಗಲೂ ಒದ್ದಾಡ್ತಿದ್ದ. ಆದರೆ ಇವನಾದರೆ ಆಗಲಿ ದೇವರೇ ಅಂತ ನಾನು ಅಂದ್ಕೊಳ್ಳೋ ಹೊತ್ತಿಗೇ ಅವನ ಬಾಯಿಂದ ಬಂತು:

"ನಿಮ್ಮ ತಪ್ಪಲ್ಲ ಬಿಡಿ ಸಾರ್. ಬಾವುಟ ಹಿಡ್ಕೊಂಡಿದ್ನಲ್ಲ ಆ ಗೂಬೆ, ಅವನಿಗೆ ರೂಲ್ಸೇ ಗೊತ್ತಿಲ್ಲ."

ಅಪ್ಪನಿಗೆ ಕೆಮ್ಮು ಹತ್ತಿತು. ಅಡುಗೆಮನೆ ಬಾಗಿಲಲ್ಲಿ ಅಮ್ಮ ಬೆರಳನ್ನ ತುಟಿ ಮೇಲಿಟ್ಟು ಕಣ್ಣಲ್ಲೇ ಬೇಡಿಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ಮದುವೆ ಆಗುತ್ತೆ, ನಿಜ. ಆದರೆ ಜೀವಮಾನವೆಲ್ಲ ಆ ಗೂಬೆ ಕಥೆಗೆ ತಲೆಯಾಡಿಸಿಕೊಂಡು ಕೂರಬೇಕಲ್ಲ! ನನ್ನ ಕೈಲಾಗಲಿಲ್ಲ.

"ಆ ಗೂಬೆ ನಾನೇ ಕಣ್ರೀ," ಅಂದೆ.

ಶುರು ಮಾಡಿದ ಮೇಲೆ ಇನ್ನೇನು ಅಂತ ಟೀಪಾಯಿ ಮುಂದೆ ಕೂತೇಬಿಟ್ಟೆ. "ಟೀಪಾಯಿ ಅಂಚು ಗೋಲ್ ಗೆರೆ. ಅಲ್ಲಿಟ್ಟಿರೋ ಲೋಟ ಅವರ ಡಿಫೆಂಡರ್. ಈ ಕೋಡುಬಳೆ ನೀವು. ನಿಮ್ಮೋನು ಚೆಂಡು ಒದ್ದ ಗಳಿಗೇಲಿ ನಿಮಗೂ ಗೆರೆಗೂ ಮಧ್ಯೆ ಎದುರಾಳಿಗಳು ಇಬ್ಬರಿರಬೇಕು. ಗೋಲ್‌ಕೀಪರ್ ಹೆಂಗೂ ಅಲ್ಲಿರ್ತಾನೆ, ಅದಕ್ಕೇ ಜನ ಇನ್ನೊಬ್ಬನಿದ್ರೆ ಸಾಕು ಅಂದ್ಕೊಂಡುಬಿಡ್ತಾರೆ. ಅವತ್ತು ಕೀಪರ್ ಎಲ್ಲಿದ್ದ ಹೇಳಿ?"

"ಚೆಂಡು ಹಿಡಿಯೋಕೆ ಅಂತ ಮುಂದಕ್ಕೆ ಓಡ್ಬಂದಿದ್ದ..."

"ನಿಮ್ಮನ್ನೂ ದಾಟ್ಕೊಂಡು ಬಂದಿದ್ದ. ಈ ಚೊಂಬು ಕೀಪರ್ ಅನ್ನಿ. ಇಗೋ, ನಿಮ್ಮ ಬೆನ್ನ ಹಿಂದೆ. ಮುಂದೆ ಉಳಿದವನು ಲೋಟ ಒಬ್ಬನೇ. ಒಬ್ಬ ಸಾಲಲ್ಲ ಕಣ್ರೀ."

ಅಷ್ಟರಲ್ಲಿ ಅವನ ಸೋದರಮಾವ ಕೈ ಚಾಚಿ ಕೋಡುಬಳೆ ತಗೊಂಡು ಬಾಯಿಗೆ ಹಾಕ್ಕೊಂಡರು. ಹುಡುಗ ಮೊಬೈಲ್ ತೆಗೆದ. ಆ ಗೋಲಿನ ವಿಡಿಯೋ ಅದರಲ್ಲಿತ್ತು. ಓಡಿಸಿ ನೋಡಿದ, ನಿಲ್ಲಿಸಿದ, ಮತ್ತೆ ಹಿಂದಕ್ಕೆ ಎಳೆದು ನೋಡಿದ. ಅವನ ಮುಖ ಇಳೀತಾ ಬಂತು.

"ಹೆಣ್ಣು ನೋಡಕ್ಕೆ ಬಂದ್ವೋ, ಚೆಂಡು ನೋಡಕ್ಕೆ ಬಂದ್ವೋ?" ಅಂತ ಅವನ ತಾಯಿ ಸೆರಗು ಕೊಡವಿ ಎದ್ದರು. "ಹುಡುಗಿ ಬಾಯಿ ಬಲು ಜೋರು." ಮಾವ ಇನ್ನೆರಡು ಕೋಡುಬಳೆ ಕೈಲಿ ಹಿಡ್ಕೊಂಡು ಹಿಂದೆಯೇ ಹೊರಟರು. ಅಪ್ಪ ತಡೆಯಲಿಲ್ಲ. "ನನ್ನ ಮಗಳು ನೋಡಿದ್ದನ್ನ ಹೇಳವ್ಳೆ ಕಣಮ್ಮ, ಅದಕ್ಕೆ ಬಾಯಿ ಜೋರು ಅಂದ್ರೆ ನಾನೇನ್ ಮಾಡ್ಲಿ," ಅಂದರು. ನನಗೆ ಅಳು ಬಂತು, ತಡ್ಕೊಂಡೆ. ಇವನು ಬೇಕಾಗಿತ್ತು ನನಗೆ.

ಅವನ ತಾಯಿ, ಮಾವ ಕಾರಿನಲ್ಲಿ ಕೂತರು. ಹುಡುಗ ಬಾಗಿಲಿಗೆ ಕೈ ಹಾಕಿದವನು, ತಿರುಗಿ ನಾನು ನಿಂತಿದ್ದ ಮೆಟ್ಟಿಲ ಹತ್ತಿರ ಬಂದ.

"ಊರೆಲ್ಲ ಮೋಸ ಆಯ್ತು ಅಂತ ಹೇಳ್ಕೊಂಡು ತಿರುಗಿದೀನಿ. ಈಗ ಏನಂತ ಹೇಳ್ಲಿ?"

"ಆಫ್‌ಸೈಡೇ ಆಗಿತ್ತು ಅನ್ನಿ."

"ಯಾರು ಹೇಳಿದ್ದು ಅಂತಾರೆ."

"ನನ್ನ ಹೆಂಡ್ತಿ ಹೇಳಿದ್ಲು ಅನ್ನಿ."

ಅಂದವಳೇ ನಾಲಿಗೆ ಕಚ್ಚಿಕೊಂಡೆ. ಒಳಗಿಂದ ಅಮ್ಮ "ಅಯ್ಯೋ ನನ್ನ ಶಿವನೇ" ಅಂದದ್ದು ಬೀದಿಗೆಲ್ಲ ಕೇಳಿಸಿತು. ಹುಡುಗ ನನ್ನನ್ನೇ ನೋಡ್ತಾ ನಿಂತ. ಬಂದ ಮೇಲೆ ಅದೇ ಮೊದಲು ಅವನು ನನ್ನ ಮುಖ ಸರಿಯಾಗಿ ನೋಡಿದ್ದು. ಆಮೇಲೆ ಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದ.

"ಅಮ್ಮಾ, ಇಳಿಯಮ್ಮ."