ಪಾಠಕ್ಕೊಂದು ಫೋಟೋ

ಈ ತಿಂಗಳು ನಮ್ಮ ಶಾಲೆಯ ಉತ್ತಮ ಶಿಕ್ಷಕ ನಾನೇ. ನನ್ನ ಹೆಂಡತಿಗೇ ನಂಬಿಕೆ ಬರಲಿಲ್ಲ, ಇನ್ನು ನಿಮಗೆಲ್ಲಿ ಬಂದೀತು? ಪಾಠ ಮಾಡಿದ್ದು ಕಡಿಮೆ, ಫೋಟೋ ಕಳಿಸಿದ್ದು ಜಾಸ್ತಿ.

ಮುಂಬಯಿಯ ಕನ್ನಡ ಶಾಲೆ ನಮ್ಮದು. ಹೊಸ ಹೆಡ್‌ಮಾಸ್ತರರು ಬಂದ ಮೇಲೆ ಪ್ರತಿ ಪಿರಿಯಡ್ಡಿಗೂ ಒಂದು ಫೋಟೋ ವಾಟ್ಸಾಪ್ ಗ್ರೂಪಿಗೆ ಬೀಳಬೇಕು. ಮಕ್ಕಳು ಕೈ ಎತ್ತಿರಬೇಕು, ಬೋರ್ಡಿನ ಮೇಲೆ ತಾರೀಖು ಕಾಣಬೇಕು. ಕೈ ಎತ್ತಿಸಿ, ನಗಿಸಿ, ಹಿಂದಿನ ಬೆಂಚಿನವನನ್ನು ಎಬ್ಬಿಸುವಷ್ಟರಲ್ಲಿ ಅರ್ಧ ಪಿರಿಯಡ್ ಮುಗಿದಿರುತ್ತದೆ. ಈಗಂತೂ ನಾನು ಮೊಬೈಲ್ ತೆಗೆದರೆ ಸಾಕು, ಪ್ರಶ್ನೆಯೇ ಇಲ್ಲದೆ ಕೈ ಎತ್ತುತ್ತಾರೆ.

ಮೊದಲಿನ ಹೆಡ್‌ಮಿಸ್ಟ್ರೆಸ್ ಹೀಗಿರಲಿಲ್ಲ. ವಿಕ್ರೋಳಿಯಿಂದ ಬರುವ ನನ್ನ ಲೋಕಲ್ ರೈಲು ತಡವಾದರೆ ಅವರೇ ನನ್ನ ತರಗತಿಗೆ ಹೋಗಿ ಮಗ್ಗಿ ಹೇಳಿಸುತ್ತಿದ್ದರು. ನಾನು ಬಾಗಿಲಿಗೆ ಬಂದರೆ ಚಾಕ್‌ಪೀಸ್ ಕೈಗಿತ್ತು ಹೊರಟುಬಿಡುತ್ತಿದ್ದರು. ಆ ನಾಚಿಕೆಗೆ ಮರುದಿನ ಎರಡು ಗಾಡಿ ಮುಂಚೆಯೇ ಹತ್ತುತ್ತಿದ್ದೆ. ಶಿಕ್ಷಕರಿಂದ ಕೆಲಸ ತೆಗೆಯುವುದು ಹೇಗೆಂದು ತರಬೇತಿಗಳಲ್ಲಿ ಊಟ ಹಾಕಿಸಿ ಹೇಳಿಕೊಡುತ್ತಾರೆ. ಆ ಚಾಕ್‌ಪೀಸಿನ ಮಾತನ್ನು ಯಾರೂ ಎತ್ತುವುದಿಲ್ಲ.

ನನ್ನ ಸಿಟ್ಟು ನೆತ್ತಿಗೇರಿದ್ದು ಮಹಾದೇವಿ ಟೀಚರ್ ವಿಷಯಕ್ಕೆ. ವಿಜಯಪುರದ ಕಡೆಯವರು. ಶಾಲೆ ಬಿಟ್ಟ ಮೇಲೆ, ಕಟ್ಟಡ ಕೆಲಸಕ್ಕೆ ಬಂದವರ ಆರು ಮಕ್ಕಳನ್ನು ಕೂಡಿಸಿಕೊಂಡು ಓದು ಕಲಿಸುತ್ತಾರೆ. ಫೋಟೋ ಮಾತ್ರ ಒಂದೂ ಇಲ್ಲ. "ಗ್ರೂಪಿನಲ್ಲಿ ಕಾಣದ ಕ್ಲಾಸು ಬಂದ್" ಎಂದ ಹೆಡ್‌ಮಾಸ್ತರರು ಟೀಚರಿಗೆ ಕಾರಣ ಕೇಳುವ ಮೆಮೊ ಬರೆಯಲು ಹೇಳಿದ್ದು ಯಾರಿಗೆ? ಉತ್ತಮ ಶಿಕ್ಷಕನಿಗೆ! ನನ್ನ ಅಕ್ಷರ ದುಂಡಗಿದೆಯಂತೆ. ಮೈಯೆಲ್ಲ ಉರಿದುಹೋಯಿತು.

ಆದರೂ ಎದುರಿಗೆ ನಿಂತು ಆಗುವುದಿಲ್ಲ ಎನ್ನುವ ಧೈರ್ಯ ನನ್ನ ಜಾಯಮಾನದಲ್ಲಿಲ್ಲ. ಒಂದು ಫೋಟೋ ಹಾಕಿದರೆ ಕ್ಲಾಸು ಉಳಿದೀತೆಂದು ಸಂಜೆ ಅಲ್ಲಿಗೆ ಹೋಗಿ ಮೊಬೈಲ್ ತೆಗೆದೆ. ಒಬ್ಬ ಹುಡುಗಿ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸುತ್ತಿದ್ದಳು.

"ಫೋಟೋ ಬ್ಯಾಡ್ರಿ ಸರ. ಮೊಬೈಲ್ ಕಂಡ್ರ ಓದೂದು ಬಿಟ್ಟು ನಗ್ತಾವ," ಎಂದರು ಮಹಾದೇವಿ ಟೀಚರ್. "ಕುಂದರ್ರಿ, ಕೇಳ್ರಿ."

ಕೂತೆ. ಮೂರು ಸಾಲಿಗೆ ಹತ್ತು ನಿಮಿಷ ಹಿಡಿಯಿತು. ಮುಗಿದಾಗ ಅವಳಿಗಿಂತ ನಾನೇ ಹೆಚ್ಚು ಬೆವತಿದ್ದೆ. ಈ ವರ್ಷ ನನ್ನ ತರಗತಿಯಲ್ಲಿ ಒಂದು ಮಗುವಾದರೂ ಕೊನೆತನಕ ಓದಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಹೆಡ್‌ಮಾಸ್ತರರ ಮೇಲಿದ್ದ ಸಿಟ್ಟು ಅರ್ಧ ನನ್ನ ಕಡೆಗೇ ತಿರುಗಿತು.

ಮರುದಿನ ದುಂಡಗಿನ ಅಕ್ಷರದಲ್ಲಿ ಮೆಮೊ ಬರೆದೆ: 'ಪಾಠ ಬಿಟ್ಟು ಫೋಟೋ ತೆಗೆದದ್ದೇಕೆಂದು ಮೂರು ದಿನದೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು.' ಮಹಾದೇವಿ ಟೀಚರ್ ಹೆಸರಿರಬೇಕಾದ ಕಡೆ ನನ್ನದೇ ಹಾಕಿದೆ. ಹೆಡ್‌ಮಾಸ್ತರರು ಓದದೆಯೇ ಸಹಿ ಮಾಡಿದರು. ಈಗ ವಿವರಣೆ ಕೊಡಬೇಕಾದವನು ನಾನು. ಬರೆಯುವುದಕ್ಕೆ ಬೇಕಾದಷ್ಟಿದೆ.