ನಾನು ಅಳಿಸಿದ ಒಂದು ಸಾಲು

ಇದನ್ನು ಬರೆಯಲು ಕುಳಿತಾಗಲೆಲ್ಲ ಬೇರೇನೋ ಕೆಲಸ ನೆನಪಾಗಿ ಎದ್ದುಹೋಗಿದ್ದೇನೆ. ಈಗ ಎದ್ದುಹೋಗಲು ಕೆಲಸಗಳೇ ಉಳಿದಿಲ್ಲ.

ಎಂಬತ್ತರ ದಶಕದಲ್ಲಿ ನಾನೂ ನನ್ನ ಗೆಳೆಯನೂ ಸೇರಿ ಕಾಳುಕಡಿಯ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ತಕ್ಕಡಿ ರಿಪೇರಿಯ ಅಂಗಡಿ ಇಟ್ಟೆವು. ಇಬ್ಬರದೂ ಹೈಸ್ಕೂಲಿಗೆ ಮುಗಿದ ಓದು. ಅವನು ಕಮಲಾಪುರದವನು, ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದ. ಎಲೆಕ್ಟ್ರಾನಿಕ್ ತಕ್ಕಡಿಗಳು, ನಮ್ಮ ಕಡೆ ಅನ್ನುವಂತೆ ಕಾಟಾಗಳು, ಬಂದಾಗ ನಾನು ಹೆದರಿದೆ, ಅವನು ಬಿಚ್ಚಿ ನೋಡಿ ಕಲಿತ. ಆಮೇಲೆ ಜೇವರ್ಗಿ ಕಾಲೋನಿಯ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಮಕ್ಕಳ ವಯಸ್ಸಿನವರ ನಡುವೆ ಕೂತು ಪ್ರೋಗ್ರಾಮು ಬರೆಯುವ ಜಾವಾ ಭಾಷೆ ಕಲಿತ. ಮಧ್ಯಾಹ್ನ ರೊಟ್ಟಿ ತಿನ್ನುತ್ತ ನನಗೂ ಹೇಳಿಕೊಡುತ್ತಿದ್ದ. ಈಗಲೂ ಆ ಹೊತ್ತಿಗೆ ರೊಟ್ಟಿ ಮುರಿದರೆ ಎದುರಿಗೆ ಯಾರೋ ಮಾತಾಡಬೇಕು ಅನ್ನಿಸುತ್ತದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಕಪನೂರಿನ ಒಂದು ದಾಲ್‌ಮಿಲ್ಲಿನ ಸಾವ್ಕಾರರು ನಮ್ಮನ್ನು ಕರೆಸಿದರು. ಲಾರಿ ಕಾಟಾದ ಮೇಲೆ ನಿಂತ ಕೂಡಲೇ ತೂಕ ತಾನಾಗಿ ಕಂಪ್ಯೂಟರಿನಲ್ಲಿ ಮೂಡಬೇಕು, ಯಾರೂ ಕೈಯಿಂದ ಟೈಪ್ ಹೊಡೆಯಬಾರದು ಎಂದರು. ಕಾಟಾದ ಜೊತೆ ಅದರ ಕಂಪನಿಯವರು ಕೊಟ್ಟ ಒಂದು ಡಿಎಲ್‌ಎಲ್ ಇತ್ತು, ಕಾಟಾದಿಂದ ತೂಕ ಓದಿಕೊಡುವ ಸಿದ್ಧ ಪ್ರೋಗ್ರಾಮು, ಸಿ ಭಾಷೆಯದು. ಅದಕ್ಕೂ ನಮ್ಮ ಜಾವಾಕ್ಕೂ ಗಂಟು ಹಾಕುವ ಬೈಂಡಿಂಗ್ ಬರೆದವನು ಗೆಳೆಯ.

"ತೂಕ ಬಂತೇನು, ತೂಕ ಬಂತೇನು ಅಂತ ನಾವು ಕೇಳ್ಕೋತ ಕೂಡೂದು ಬ್ಯಾಡ," ಎಂದ. "ಲಾರಿ ಅಲುಗಾಡೂದು ನಿಂತ ಕೂಡ್ಲೆ ಅದೇ ನಮ್ಮನ್ನ ಕರೀತದ."

"ಅದಕ್ಕ ನಮ್ಮ ಮನಿ ಹ್ಯಾಂಗ ಗೊತ್ತೋ?"

"ಮೊದಲೇ ವಿಳಾಸ ಕೊಟ್ಟಿರ್ತೀವಿ. ನೀ ಬಾಜೂ ಮನಿ ಫೋನ್ ನಂಬರ್ ಬೀಗರಿಗೆ ಕೊಟ್ಟೀಯಲ್ಲ, ಹಂಗ."

ಕೆಲಸ ಮುಗಿಯಿತು. ಲಾರಿಯವರಿಗೆ ಕೊಡುವ ತೂಕದ ಚೀಟಿಯ ಅಕ್ಷರ ದೊಡ್ಡದು ಮಾಡುವ ಸಣ್ಣ ಕೆಲಸ ಉಳಿದಿತ್ತು, ಅದನ್ನು ನನಗೆ ಬಿಟ್ಟ. ಬದಲಾಯಿಸುತ್ತಿದ್ದಾಗ ಮೇಲೊಂದು ಸಾಲು ಕಂಡಿತು. ಡಿಎಲ್‌ಎಲ್‌ನಿಂದ ಕರೆ ಬಂದಾಗ ಓಗೊಡುವ ವಸ್ತುವನ್ನು, ಅಂದರೆ ಆ ವಿಳಾಸದಲ್ಲಿ ಇರಬೇಕಾದ ಪ್ರೋಗ್ರಾಮಿನ ತುಣುಕನ್ನು, ಅಲ್ಲಿ ಒಂದು ಹೆಸರಿಗೆ ಹಿಡಿದಿಟ್ಟಿದ್ದ. ಆ ಹೆಸರನ್ನು ಮತ್ತೆಲ್ಲೂ ಬಳಸಿರಲಿಲ್ಲ. ಇವನೂ ದಂಡದ ಸಾಲು ಬರೆಯುತ್ತಾನೆ ಎಂದು ಒಳಗೊಳಗೇ ಖುಷಿಪಟ್ಟೆ. ಅಳಿಸಿದೆ. ಆ ವಸ್ತುವನ್ನು ಎಲ್ಲೂ ಹಿಡಿದಿಡದೆ ನೇರವಾಗಿ ಡಿಎಲ್‌ಎಲ್‌ಗೆ ದಾಟಿಸಿದೆ. ಓಡಿಸಿ ನೋಡಿದೆ, ಚೆನ್ನಾಗಿಯೇ ಓಡಿತು. ಅವನಿಗೆ ಹೇಳಲಿಲ್ಲ, ಆಮೇಲೆ ಹೇಳಿ ಚೇಷ್ಟೆ ಮಾಡೋಣ ಎಂದುಕೊಂಡೆ.

ತೊಗರಿಯ ಸುಗ್ಗಿ ಶುರುವಾಯಿತು. ಮಿಲ್ಲಿನ ಗೇಟಿನಿಂದ ರಸ್ತೆಯವರೆಗೆ ಲಾರಿಗಳು. ಮುಂಜಾನೆಯೆಲ್ಲ ಸರಿಯಿದ್ದ ಪ್ರೋಗ್ರಾಮು ಮಧ್ಯಾಹ್ನ ಒಂದು ಲಾರಿ ಕಾಟಾ ಏರಿದ್ದೇ ತಡ, ಪರದೆಯಿಂದ ಪಟ್ಟನೆ ಮಾಯವಾಯಿತು. ಮತ್ತೆ ಹಚ್ಚಿದೆವು. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು. ಡ್ರೈವರುಗಳು ಹಾರ್ನ್ ಒತ್ತಿ ಒತ್ತಿ ನಗುತ್ತಿದ್ದರು.

"ಏನ್ರೀ, ನಿಮ್ಮ ಕಾಟಾ ತೂಗ್ತದೋ ತೂಕಡಿಸ್ತದೋ?" ಎಂದರು ಸಾವ್ಕಾರರು. ಆಮೇಲೆ ನಗು ನಿಲ್ಲಿಸಿ, "ಇದನ್ನ ಬರದಾವ್ರು ಯಾರು?" ಎಂದರು.

"ನಾನೇ ಬರದೀನ್ರೀ. ನನ್ನದೇ ತಪ್ಪಿರಬೇಕು, ನೋಡ್ತೀನಿ," ಎಂದ ಗೆಳೆಯ.

ಅಳಿಸಿದ ಸಾಲು ನನಗೆ ಆಗಲೇ ನೆನಪಾಗಿತ್ತು. ಕಾಟಾದ ವೈರು ಸರಿಯಿದೆಯೇ ಎಂದು ನೋಡುವವನಂತೆ ಬಗ್ಗಿದೆ.

"ನೋಡೂದು ಬ್ಯಾಡ. ನಾಳಿಂದ ನೀವು ಬರಬ್ಯಾಡ್ರಿ. ಇವ್ರು ಬರ್ಲಿ," ಎಂದು ಸಾವ್ಕಾರರು ನನ್ನ ಕಡೆ ಕೈ ತೋರಿಸಿದರು.

ಮರುದಿನ ಒಬ್ಬನೇ ಹೋಗಿ ಆ ಸಾಲನ್ನು ಮರಳಿ ಬರೆದೆ. ಪ್ರೋಗ್ರಾಮು ಸುಗ್ಗಿ ಮುಗಿಯುವವರೆಗೂ ಬೀಳಲಿಲ್ಲ. ಯಾಕೆ ಎಂಬುದು ಆಮೇಲೆ ಓದಿ ತಿಳಿಯಿತು. ಯಾರೂ ಹಿಡಿದಿಲ್ಲದ ವಸ್ತುವನ್ನು ಜಾವಾ ಆಗಾಗ ಕಂಪ್ಯೂಟರಿನ ಮೆಮೊರಿಯಿಂದ ಗುಡಿಸಿಹಾಕುತ್ತದೆ. ಆಚೆ ಕಡೆಯ ಡಿಎಲ್‌ಎಲ್ ಅದರ ವಿಳಾಸ ಇಟ್ಟುಕೊಂಡಿದ್ದರೂ ಜಾವಾಕ್ಕೆ ಅದು ಕಾಣುವುದಿಲ್ಲ. ಕರೆ ಬರುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ, ಎಲ್ಲವೂ ಕುಸಿಯುತ್ತದೆ. ಅದಕ್ಕೇ ಅವನು ಹಿಡಿದಿಟ್ಟಿದ್ದ.

"ತಪ್ಪು ಹುಡುಕಿ ಸರಿ ಮಾಡಿದೆ" ಎಂದು ಸಾವ್ಕಾರರಿಗೆ ಹೇಳಿದೆ. ಅವರು ಗಂಜಿನಲ್ಲೆಲ್ಲ ಹೇಳಿದರು. ಬೇರೆ ಮಿಲ್ಲುಗಳವರು ನನ್ನನ್ನು ಕರೆದರು, ಅವನನ್ನು ಯಾರೂ ಕರೆಯಲಿಲ್ಲ. ಏನು ತಪ್ಪಿತ್ತು ಎಂದು ಅವನು ಒಮ್ಮೆ ಕೇಳಿದ. "ಬಿಡೋ ಅದನ್ನ, ಸಣ್ಣದು," ಎಂದೆ. ಕೆಲವು ತಿಂಗಳಿಗೆ, ಬಸ್ಸಿನ ಓಡಾಟ ಆಗುವುದಿಲ್ಲ ಎಂದು ಹೇಳಿ ಅಂಗಡಿಗೆ ಬರುವುದನ್ನು ಬಿಟ್ಟ. ಬಸ್ಸಿನ ಮಾತು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅಂಗಡಿಯ ಅವನ ಸ್ಟೂಲಿನ ಮೇಲೆ ಬಂದವರು ಕೂತರೆ ನನಗೆ ಸಿಟ್ಟು ಬರುತ್ತಿತ್ತು. ಬಾ ಎಂದು ಕರೆಯಲು ಮಾತ್ರ ಧೈರ್ಯ ಬರಲಿಲ್ಲ. ಕರೆದರೆ ಹೇಳಬೇಕಾಗುತ್ತಿತ್ತು.

ಎಷ್ಟೋ ವರ್ಷಗಳ ನಂತರ ಅವನು ತೀರಿಕೊಂಡಾಗ ಕಮಲಾಪುರಕ್ಕೆ ಹೋದೆ. ಅವನ ಕೋಣೆಯಲ್ಲಿ ಹಳೇ ಕಂಪ್ಯೂಟರ್ ಇತ್ತು. ಅದಕ್ಕೆ ವೈರಿನಿಂದ ಕಾಟಾದ ಹಳೇ ಮೀಟರ್ ಜೋಡಿಸಿದ್ದ.

ಅವನ ಹೆಂಡತಿ ಚಹಾ ಕೊಟ್ಟು ಹೇಳಿದಳು: "ಅಣ್ಣಾ, ಕಡೀತನಕ ಇದನ್ನ ಹಚ್ಚಿ ನೋಡ್ತಿದ್ರು ನೋಡ್ರಿ. ಇಲ್ಲಿ ಎಷ್ಟು ದಿನ ಓಡಿಸಿದ್ರೂ ಬೀಳವಲ್ದು, ಅಲ್ಲಿ ಹ್ಯಾಂಗ ಬಿತ್ತು ಅಂತಿದ್ರು. ಊಟಕ್ಕ ಕರದ್ರೂ ಏಳ್ತಿರ್ಲಿಲ್ಲ. ನಿಮಗ ಸಿಕ್ಕಿತ್ತಂತಲ್ಲ, ಏನ್ ತಪ್ಪು ಮಾಡಿದ್ರು ಇವ್ರು?"

ಅವನ ಬಳಿಯಿದ್ದದ್ದು ಅವನೇ ಬರೆದ ಪ್ರತಿ. ನಾನು ಕೈ ಇಡದ ಪ್ರತಿ. ಅದರಲ್ಲಿ ತಪ್ಪೇ ಇರಲಿಲ್ಲ. ಅಷ್ಟು ವರ್ಷ ಅವನು ಇಲ್ಲದ ತಪ್ಪನ್ನು ಹುಡುಕಿದ್ದ.

"ನೆನಪಿಲ್ಲ, ತಂಗಿ," ಎಂದೆ.

ಅವಳು ತಲೆಯಾಡಿಸಿ ಕಪ್ಪು ತೆಗೆದುಕೊಂಡು ಒಳಗೆ ಹೋದಳು. ಗಂಡ ತಪ್ಪು ಮಾಡಿದ್ದನೆಂದೇ ಅವಳು ಇಂದಿಗೂ ನಂಬಿದ್ದಾಳೆ. ಅವನ ಕ್ಷಮೆ ಕೇಳುವ ಕಾಲ ಮುಗಿದುಹೋಯಿತು. ಕಾಲ ಇನ್ನೂ ಇದ್ದೂ ನಾನು ಕ್ಷಮೆ ಕೇಳದಿರುವುದು ಕಮಲಾಪುರದಲ್ಲಿ ನನ್ನನ್ನು ಅಣ್ಣಾ ಎನ್ನುವ ಅವನ ಹೆಂಡತಿಯ ಬಳಿ.